ಕ್ಲೋಸರ್ ಬಂದ ಚಳಿಗಾಲ

ಆ ಚಳಿಗಾಲದಲ್ಲಿ ನನಗೆ ಎರಡೇ ಸುದ್ದಿ ಬೇಕಿತ್ತು. ಫ್ಯಾಕ್ಟರಿಯಿಂದ ವಾಪಸ್ ಕರೆ ಬರುತ್ತದೆಯೇ ಎಂಬುದು ಒಂದು. ನಮ್ಮ ಡೆಟ್ರಾಯ್ಟ್ ಬೇಸ್‌ಬಾಲ್ ತಂಡ ಯಾರನ್ನು ಕೊಂಡಿತು, ಯಾರನ್ನು ಬಿಟ್ಟುಕೊಟ್ಟಿತು ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಎಲ್ಲರೂ ಎರಡನೆಯದನ್ನೇ ಕೇಳುತ್ತಿದ್ದೆವು.

ಡೆಟ್ರಾಯ್ಟಿನ ಉತ್ತರಕ್ಕೆ, ವಾರನ್‌ನಲ್ಲಿ, ಕಾರಿನ ಬಾಗಿಲು, ಬಾನೆಟ್ಟುಗಳನ್ನು ತಗಡಿನಿಂದ ಒತ್ತಿ ತೆಗೆಯುವ ಕಾರ್ಖಾನೆಯಲ್ಲಿ ನನ್ನ ಕೆಲಸ. ಪ್ರೆಸ್ಸಿಗೆ ಕೂರಿಸುವ ಉಕ್ಕಿನ ಅಚ್ಚುಗಳಿಗೆ ಡೈ ಎನ್ನುತ್ತಾರೆ. ಅವು ಸವೆದಾಗ, ಬಿರುಕು ಬಿಟ್ಟಾಗ ಸರಿಮಾಡುವುದು ಟೂಲ್‌ರೂಮಿನವರ ಪಾಲು. ನಾನು ಟೂಲ್‌ರೂಮಿನವನು. ಮೈಸೂರಿನಲ್ಲಿ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಲೇತ್ ಅಂಗಡಿ ಸೇರಿದವನು ನಾನು, ಅರ ಹಿಡಿಯುವುದನ್ನು ಅಲ್ಲೇ ಕಲಿತೆ. ಅಕ್ಕ ನಮ್ಮನ್ನು ಅಮೆರಿಕಕ್ಕೆ ಕರೆಸಿಕೊಂಡಾಗ ಮೊದಲು ಇಳಿದದ್ದು ಶಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್‌ನ ಅವಳ ಮನೆಯಲ್ಲಿ. ಭಾವ ಓಕ್ ಬ್ರೂಕ್‌ನ ಆಫೀಸೊಂದರಲ್ಲಿ ಎಂಜಿನಿಯರು. ಶನಿವಾರದ ಊಟಗಳಿಗೆ ಬರುವವರೆಲ್ಲ ಡಾಕ್ಟರು, ಎಂಜಿನಿಯರು. "ನೀವೇನು ಮಾಡ್ಕೊಂಡಿದೀರಿ?" ಎಂದು ಯಾರಾದರೂ ಕೇಳಿದರೆ ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇರಲಿಲ್ಲ. ಆದರೆ ಹೇಳಿದ ಮೇಲೆ ಅವರು ತಟ್ಟೆಯ ಕಡೆ ನೋಡುವುದು ನನಗೆ ಸರಿಬರಲಿಲ್ಲ. ನನ್ನ ಕೈಕೆಲಸಕ್ಕೆ ಬೆಲೆ ಇರುವ ಊರು ಡೆಟ್ರಾಯ್ಟ್ ಎಂದು ಯಾರೋ ಹೇಳಿದರು. ಹೆಂಡತಿಯನ್ನು ಕರೆದುಕೊಂಡು ಹೊರಟುಬಿಟ್ಟೆ.

ಬೇಸ್‌ಬಾಲ್ ನನಗೆ ಬಂದದ್ದು ಟೂಲ್‌ರೂಮಿನ ರೇಡಿಯೋದಿಂದ. ಗ್ರೈಂಡರ್ ಪಕ್ಕದ ಕಪಾಟಿನ ಮೇಲೆ ಎಣ್ಣೆ ಜಿಡ್ಡು ಹಿಡಿದ ಒಂದು ರೇಡಿಯೋ, ಬೇಸಿಗೆ ಪೂರ್ತಿ ಮ್ಯಾಚು. ನನ್ನ ಇಂಗ್ಲಿಷ್ ಅರ್ಧದಷ್ಟು ಆ ಕಾಮೆಂಟರಿಯಿಂದ ಕಲಿತದ್ದು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಒಬ್ಬ ಮುದುಕನಿದ್ದ, ಅವನ ಅಪ್ಪ ಪೋಲೆಂಡಿನಿಂದ ಬಂದವನಂತೆ. ಡೈ ಮೇಲೆ ಅಂಗೈ ಸವರುತ್ತಲೇ ನನಗೆ ಆಟ ಹೇಳಿಕೊಟ್ಟವನು ಅವನು. ಆಟ ಮುಗಿದ ಚಳಿಗಾಲದಲ್ಲಿ ಟೂಲ್‌ರೂಮಿಗೆ ಬೇರೆಯೇ ಆಟ. ತಂಡಗಳು ಆಟಗಾರರನ್ನು ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುವ, ಹೊಸಬರಿಗೆ ಸಹಿ ಹಾಕಿಸುವ ಕಾಲ ಅದು. ಊಟದ ಹೊತ್ತಿನಲ್ಲಿ ನಾವೂ ಮನಸ್ಸಿನಲ್ಲೇ ಕೊಂಡು ಮಾರುತ್ತಿದ್ದೆವು.

ಆ ವರ್ಷದ ಶರತ್ಕಾಲದಲ್ಲಿ ಕಾರು ಕೊಳ್ಳುವವರೇ ಇಲ್ಲದಾಗಿ ನಮ್ಮನ್ನೆಲ್ಲ ಮನೆಗೆ ಕಳಿಸಿದರು. ಟೆಂಪರರಿ ಎಂದರು. ಕೆಲಸ ಬಂದಾಗ ಹಿರಿತನದ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತಾರೆ ಎಂದರು.

ಇಲ್ಲಿ ಒಂದು ಮಾತು ಹೇಳಬೇಕು. ಟೂಲ್‌ರೂಮಿನಲ್ಲಿ ದೊಡ್ಡ ಮೆಷಿನು ಕಂಪನಿಯದು, ಕೈಯ ಹತ್ಯಾರು ನಮ್ಮದು. ಮೈಕ್ರೋಮೀಟರು, ಗೇಜು, ಅರ, ಉಳಿ ಎಲ್ಲವನ್ನೂ ವರ್ಷಗಳಿಂದ ಒಂದೊಂದಾಗಿ ಕೂಡಿಸಿ, ಚಕ್ರವಿರುವ ಎದೆಯೆತ್ತರದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತೇವೆ. ಲೇಆಫ್ ಆದವನು ಪೆಟ್ಟಿಗೆಗೆ ಬೀಗ ಹಾಕಿ ಒಳಗೇ ಬಿಟ್ಟು ಬಂದರೆ, ನಾನು ವಾಪಸ್ ಬರುತ್ತೇನೆ ಎಂದು ಅರ್ಥ. ಪೆಟ್ಟಿಗೆ ಆಚೆ ತಂದರೆ ಆಸೆ ಬಿಟ್ಟ ಎಂದು ಅರ್ಥ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರೂ ನೋಡುತ್ತಿರುತ್ತಾರೆ. ನಾವೆಲ್ಲ ಬೀಗ ಹಾಕಿ ಬಿಟ್ಟು ಬಂದೆವು.

ಮನೆಯಲ್ಲಿ ಕೂರಲಾಗದೆ ನಾವು ಕೆಲವರು ಫ್ಯಾಕ್ಟರಿ ಎದುರಿನ ಡೋನಟ್ ಅಂಗಡಿಯಲ್ಲಿ ಬೆಳಿಗ್ಗೆ ಶಿಫ್ಟಿನ ಹೊತ್ತಿಗೇ ಸೇರತೊಡಗಿದೆವು. ಕೆಲಸದ ಬೂಟು ಹಾಕಿಕೊಂಡೇ ಬರುತ್ತಿದ್ದೆವು. ಒಂದು ಕಾಫಿ ಹಿಡಿದು ಮಧ್ಯಾಹ್ನದವರೆಗೆ ಕೂತರೂ ಅಂಗಡಿಯವಳು ಏನೂ ಅನ್ನುತ್ತಿರಲಿಲ್ಲ. ಮಾತೆಲ್ಲ ಕ್ಲೋಸರ್ ಬಗ್ಗೆ. ಗೆಲ್ಲುತ್ತಿರುವ ಆಟವನ್ನು ಕೊನೆಯ ಇನ್ನಿಂಗ್ಸಿನಲ್ಲಿ ಕೈಬಿಡದ ಹಾಗೆ ಮುಗಿಸಿಕೊಡಲೆಂದೇ ಇಟ್ಟುಕೊಳ್ಳುವ, ಚೆಂಡು ಎಸೆಯುವ ಪಿಚರ್ ಅವನು. ಹಿಂದಿನ ಬೇಸಿಗೆಯಲ್ಲಿ ನಮ್ಮ ತಂಡದ ಕೈಗೆ ಬಂದ ಗೆಲುವು ಕೊನೆಯಲ್ಲಿ ಜಾರಿತ್ತು. ಒಳ್ಳೆಯ ಕ್ಲೋಸರ್ ಒಬ್ಬನಿದ್ದರೆ ಸಾಕು ಎಂದು ಎಲ್ಲರ ವಾದ.

"ತಂಡದ ಮಾಲೀಕ ದುಡ್ಡು ಬಿಚ್ಚಲ್ಲ ಬಿಡು, ಈ ಊರಲ್ಲಿ ಟಿಕೆಟ್ ಕೊಳ್ಳೋರು ಯಾರಿದ್ದಾರೆ?" ಎಂದ ಒಬ್ಬ.

"ಬಿಚ್ಚಿದರೆ?" ಎಂದೆ ನಾನು.

ಮುದುಕ ನನ್ನ ಕಡೆ ತಿರುಗಿ, "ಬಿಚ್ಚಿದರೆ, ಮುಂದಿನ ಬೇಸಿಗೆ ಅಂತ ಒಂದು ಇದೆ ಅಂತ ಯಾರೋ ಒಬ್ಬ ಶ್ರೀಮಂತನಾದರೂ ನಂಬಿದ್ದಾನೆ ಅಂತಾಯ್ತು," ಎಂದ.

ಆ ಮಾತು ನನ್ನಲ್ಲಿ ಕೂತುಬಿಟ್ಟಿತು. ದುಡ್ಡಿರುವವನಿಗೆ ನಮಗೆ ಗೊತ್ತಿಲ್ಲದ್ದು ಗೊತ್ತಿರುತ್ತದೆ. ಅವನು ತಂಡಕ್ಕೆ ಸುರಿದರೆ ಜನರ ಕೈಯಲ್ಲಿ ಕಾಸಾಡುತ್ತದೆ ಎಂದರ್ಥ. ಜನರ ಕೈಯಲ್ಲಿ ಕಾಸಾಡಿದರೆ ಕಾರು ಮಾರಿಹೋಗುತ್ತದೆ, ಕಾರು ಹೋದರೆ ಪ್ರೆಸ್ಸು ಓಡುತ್ತದೆ. ಶಾಲೆ ಓದದವನ ಲೆಕ್ಕ ಎಂದು ನಗುವವರು ನಗಲಿ. ಆಗ ಟೀವಿಯಲ್ಲಿ ಟೈ ಕಟ್ಟಿಕೊಂಡು ಬರುತ್ತಿದ್ದವರ ಲೆಕ್ಕ ಇದಕ್ಕಿಂತ ಉತ್ತಮವಾಗಿತ್ತು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಭಾನುವಾರಗಳಲ್ಲಿ ಭಾವನ ಫೋನು. ಅವರು ಶಿಕಾಗೋ ದಕ್ಷಿಣ ಭಾಗದ ತಂಡದ ಕಡೆಯವರು. ನಮ್ಮ ಎರಡೂ ತಂಡ ಒಂದೇ ಗುಂಪಿನಲ್ಲಿ ಆಡುತ್ತಿದ್ದುದರಿಂದ ನಮ್ಮಿಬ್ಬರ ಜಗಳ ಹಳೆಯದು.

"ಏನಯ್ಯಾ, ನಿಮ್ಮೋರು ಅಂಗಡಿ ಬಾಗಿಲು ಹಾಕ್ತಾರಂತೆ? ಸಂಬಳ ಜಾಸ್ತಿ ಇರೋ ಆಟಗಾರರನ್ನೆಲ್ಲ ಮಾರ್ತಾರೆ ಅಂತ ಪೇಪರಲ್ಲಿ ಬಂದಿದೆ," ಎಂದರು ಒಂದು ವಾರ.

"ನಿಮ್ಮೋರ ಹಾಗೆ ಮಂಡಿ ನೋವಿನ ಮುದುಕರನ್ನ ತಂದು ನಿಲ್ಲಿಸೋದಕ್ಕಿಂತ ಅದು ವಾಸಿ ಭಾವ."

ಜೋರಾಗಿ ನಕ್ಕರು. ಆಮೇಲೆ ದನಿ ಇಳಿಸಿದರು. "ನೋಡು, ಇಲ್ಲೇ ನಮ್ಮನೆ ಹತ್ತಿರ ಬೋಲಿಂಗ್‌ಬ್ರೂಕಲ್ಲಿ ನನಗೆ ಗೊತ್ತಿರೋರದ್ದು ಒಂದು ಶಾಪ್ ಇದೆ. ಪ್ಯಾಕಿಂಗ್ ಮೆಷಿನ್ ಡೈ ಮಾಡ್ತಾರೆ. ನಿನ್ನ ಬಗ್ಗೆ ಹೇಳಿದೀನಿ. ಸ್ವಂತ ಟೂಲ್ಸ್ ತರಬೇಕಂತೆ, ಸಂಕ್ರಾಂತಿ ಒಳಗೆ ಸೇರಬೇಕಂತೆ."

ಸ್ವಂತ ಟೂಲ್ಸ್ ಎಂದರೆ ಪೆಟ್ಟಿಗೆ. ಪೆಟ್ಟಿಗೆ ಎಂದರೆ ವಾರನ್ ಬಿಟ್ಟಂತೆ. ಮತ್ತೆ ಶನಿವಾರದ ಊಟ, ಮತ್ತೆ ಭಾವಮೈದುನ ಎಂಬ ಪರಿಚಯ.

"ತಂಡಗಳ ಚಳಿಗಾಲದ ಮೀಟಿಂಗ್ ಮುಗೀಲಿ ಭಾವ, ಹೇಳ್ತೀನಿ."

"ಅವರ ಮೀಟಿಂಗಿಗೂ ನಿನ್ನ ಹೊಟ್ಟೆಗೂ ಏನಯ್ಯಾ ಸಂಬಂಧ?"

 ಆ ಸಂಬಂಧ ಬಿಡಿಸಿ ಹೇಳಿದ್ದರೂ ಓಕ್ ಬ್ರೂಕ್‌ನಲ್ಲಿ ಕೂತವರಿಗೆ ತಿಳಿಯುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಆಟಗಾರರನ್ನು ಕೊಂಡು ಕೊಡುವ ಆ ಮೀಟಿಂಗ್ ಆಯಿತು. ನಮ್ಮವರು ಔಟ್‌ಫೀಲ್ಡಿನ ಹುಡುಗನೊಬ್ಬನನ್ನು ನ್ಯೂಯಾರ್ಕಿಗೆ ಕೊಟ್ಟುಬಿಟ್ಟರು. ಓಡುವುದರಲ್ಲಿ ಚಿಗರೆ, ಊರಿನ ಮಕ್ಕಳೆಲ್ಲ ಅವನ ಅಂಗಿ ಹಾಕಿಕೊಂಡು ತಿರುಗುತ್ತಿದ್ದರು. ಬದಲಿಗೆ ಬಂದವರು ಇನ್ನೂ ಹೆಸರು ಮಾಡಬೇಕಾದ ಎಳೆಯರು. ಮರುದಿನ ಡೋನಟ್ ಅಂಗಡಿಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುದುಕ ಕಾಫಿ ಅರ್ಧಕ್ಕೆ ಬಿಟ್ಟು ಎದ್ದು, ರಸ್ತೆ ದಾಟಿ ಫ್ಯಾಕ್ಟರಿ ಗೇಟಿನ ಕಡೆ ನಡೆದ. ಸ್ವಲ್ಪ ಹೊತ್ತಿಗೆ ಅವನ ಅಳಿಯನ ಪಿಕಪ್ ಬಂತು. ಅದರ ಹಿಂದೆ ಅವನ ಹಸಿರು ಪೆಟ್ಟಿಗೆಯನ್ನು ಹಗ್ಗ ಕಟ್ಟಿ ನಿಲ್ಲಿಸಿದ್ದನ್ನು ನಾವೆಲ್ಲ ಗಾಜಿನ ಹಿಂದಿನಿಂದ ನೋಡಿದೆವು.

ನಾನು ಆಚೆ ಓಡಿದೆ. "ಕರೆಯೋದು ಶುರುವಾದರೆ ಮೊದಲ ಕರೆ ನಿನಗೇ. ನೀನೇ ಪೆಟ್ಟಿಗೆ ತೆಗೆದುಬಿಟ್ಟರೆ ಹೇಗೆ?"

"ಅದಕ್ಕೇ ತೆಗೆದೆ. ಮೊದಲನೆಯವನನ್ನೇ ಅವರು ಕರೆದಿಲ್ಲ," ಎಂದ. ನನ್ನ ಭುಜ ತಟ್ಟಿ ಪಿಕಪ್ ಹತ್ತಿದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಪಕ್ಕದೂರು ಟ್ರಾಯ್‌ನ ಇಂಡಿಯನ್ ಗ್ರೋಸರಿಯಲ್ಲಿ ಕೌಂಟರಿಗೆ ನಿಲ್ಲುತ್ತಿದ್ದಳು. ಆ ತಿಂಗಳುಗಳಲ್ಲಿ ಮನೆ ನಡೆದದ್ದು ಅವಳಿಂದ. ಅದನ್ನು ಅವಳು ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ.

"ಹಾಗಾದರೆ ಹೋಗೋಣ ಬಿಡಿ. ಅಕ್ಕನ ಮನೆ ಕೆಳಗಿನ ರೂಮಲ್ಲಿ ನಾಲ್ಕು ದಿನ ಇದ್ದರಾಯ್ತು," ಎಂದಳು.

"ಕ್ರಿಸ್ಮಸ್ ಕಳೀಲಿ, ಪೆಟ್ಟಿಗೆ ತರ್ತೀನಿ."

ನಿಜವಾಗಿಯೂ ತರುವವನಿದ್ದೆ. ಭಾವನಿಗೂ ಹೂಂ ಎಂದಿದ್ದೆ. ಆದರೆ ಹೊಸ ವರ್ಷ ಬಂದು, ಹಿಮ ಮೊಣಕಾಲಿಗೆ ಏರಿದ್ದ ಒಂದು ಮಧ್ಯಾಹ್ನ ರೇಡಿಯೋ ಹೇಳಿತು: ನಮ್ಮ ತಂಡ ಕ್ಲೋಸರ್ ಕೊಂಡಿತು. ಅಂತಿಂಥವನಲ್ಲ, ಮಾರುಕಟ್ಟೆಯಲ್ಲಿದ್ದವರಲ್ಲೇ ಗಟ್ಟಿಗ. ಒಂದು ವರ್ಷಕ್ಕಲ್ಲ, ಎರಡು ವರ್ಷಕ್ಕೆ ಸಹಿ ಹಾಕಿಸಿದ್ದರು. ಅಡುಗೆಮನೆಯಲ್ಲಿ ಒಬ್ಬನೇ ನಿಂತು ಮೇಜು ಗುದ್ದಿದೆ. ಯಾರು ಟಿಕೆಟ್ ಕೊಳ್ಳುತ್ತಾರೆ ಎಂದು ನಕ್ಕಿದ್ದ ಊರಿನಲ್ಲಿ ಒಬ್ಬ ಶ್ರೀಮಂತ ಎರಡು ಬೇಸಿಗೆಗಳ ಮೇಲೆ ದುಡ್ಡು ಸುರಿದಿದ್ದ. ಮುದುಕನಿಗೆ ವಯಸ್ಸಾಗಿತ್ತು, ಹೇಗೂ ಬಿಡುವವನು, ಅವನ ಮಾತು ಬೇರೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೆಂಡತಿ ಬಂದು ಕೋಟು ಬಿಚ್ಚುವ ಮೊದಲೇ ಹೇಳಿದೆ. ಅವಳು ಒದ್ದೆ ಬೂಟಿನಲ್ಲೇ ನಿಂತಳು.

"ನಿಮ್ಮ ಟೀಮಿಗೆ ಯಾರೋ ಸಿಕ್ಕಿದ್ರೆ ನಾವ್ಯಾಕ್ರೀ ಇಲ್ಲಿರಬೇಕು?"

"ಊರು ಎದ್ದೇಳ್ತಿದೆ ಅಂತ ಕಣೇ. ಸ್ವಲ್ಪ ತಡಿ."

"ಅವನಿಗೆ ಕೆಲಸ ಸಿಕ್ತು. ನಿಮಗಲ್ಲ," ಎಂದಳು. ಜಗಳದ ದನಿಯಲ್ಲಿ ಅನ್ನಲಿಲ್ಲ. ಬೂಟು ಬಿಚ್ಚಿಟ್ಟು ಅಕ್ಕಿ ತೊಳೆಯಲು ಹೋದಳು.

ಆ ಭಾನುವಾರ ಭಾವನಿಗೆ ಬರುವುದಿಲ್ಲ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ.  "ಸರಿ, ಅವರಿಗೆ ತಿಳಿಸ್ತೀನಿ," ಎಂದಷ್ಟೇ ಹೇಳಿ ಫೋನನ್ನು ಅಕ್ಕನಿಗೆ ಕೊಟ್ಟರು.

"ನಿನಗೆ ಹಠ ಜಾಸ್ತಿ ಆಯ್ತು ಕಣೋ," ಎಂದು ಅಕ್ಕ ಅತ್ತಳು. ಬೋಲಿಂಗ್‌ಬ್ರೂಕ್‌ನವರು ವಾರದೊಳಗೆ ಇನ್ನೊಬ್ಬನನ್ನು ಇಟ್ಟುಕೊಂಡರು.

ಫೆಬ್ರವರಿಯಲ್ಲಿ ನಮ್ಮವರು ಬ್ಯಾಟು ಬೀಸುವ ಹಳೇ ಹುಲಿಯೊಬ್ಬನನ್ನೂ ಕೊಂಡರು. ಡೋನಟ್ ಅಂಗಡಿಯಲ್ಲಿ ನಗು ಬಂತು. ಅಂಗಡಿಯವಳೂ ಮಾತಿಗೆ ಸೇರಿದಳು. ಅದಾದ ಕೆಲವೇ ದಿನಕ್ಕೆ ಆಫೀಸಿನಿಂದ ಎಲ್ಲರಿಗೂ ಫೋನು. ಫೋನು ಮಾಡಿದ ಹುಡುಗಿ ತುಂಬ ಮರ್ಯಾದೆಯಿಂದ ಮಾತಾಡಿದಳು. ಕಾರ್ಖಾನೆಯನ್ನು ಪೂರ್ತಿಯಾಗಿ ಮುಚ್ಚುತ್ತಿದ್ದಾರೆ, ಪ್ರೆಸ್ಸುಗಳನ್ನು ಹರಾಜು ಹಾಕುತ್ತಾರೆ, ಸ್ವಂತ ಸಾಮಾನಿದ್ದವರು ಅದಕ್ಕೆ ಮೊದಲು ಬಂದು ಒಯ್ಯಬೇಕು. ನಾನು ಥ್ಯಾಂಕ್ಸ್ ಎಂದೆ. ಯಾತಕ್ಕೆ ಅಂದೆನೋ.

ಆ ಪೆಟ್ಟಿಗೆ ನನ್ನ ಕಾರಿನಲ್ಲಿ ಹಿಡಿಸುತ್ತಿರಲಿಲ್ಲ, ದೊಡ್ಡ ಗಾಡಿ ಬೇಕಿತ್ತು. ನಾನು ಯಾರನ್ನೂ ಕೇಳಲೂ ಇಲ್ಲ. ಹೆಂಡತಿ ಹೇಳಿರಬೇಕು, ಭಾವ ಬಾಡಿಗೆ ವ್ಯಾನು ತೆಗೆದುಕೊಂಡು ಶಿಕಾಗೋದಿಂದ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಬಂದರು. ಟೂಲ್‌ರೂಮಿನಲ್ಲಿ ಹೀಟರು ನಿಲ್ಲಿಸಿದ್ದರು. ಮುದುಕನದೊಂದು ಬಿಟ್ಟು ಪೆಟ್ಟಿಗೆಗಳೆಲ್ಲ ನಾವು ಬಿಟ್ಟ ಜಾಗದಲ್ಲೇ ಸಾಲಾಗಿ ನಿಂತಿದ್ದವು. ಗೇಟಿನ ಗಾರ್ಡು ಒಂದೊಂದು ಡ್ರಾಯರನ್ನೂ ಎಳೆಸಿ ನೋಡಿದ, ಕಂಪನಿಯ ಸಾಮಾನು ಇದೆಯೇ ಎಂದು. ನಾನು ಆ ಜಾಗದಿಂದ ಒಂದು ಮೊಳೆಯನ್ನೂ ತಂದವನಲ್ಲ. ಭಾವ ಮುಂದೆ ಬಂದು ಇಂಗ್ಲಿಷಿನಲ್ಲಿ ಅವನಿಗೆ ಏನೋ ಹೇಳಲು ಹೋದರು.

"ಬೇಡ ಭಾವ. ನೋಡ್ಲಿ," ಎಂದೆ. ಎಲ್ಲ ಡ್ರಾಯರೂ ನಾನೇ ಎಳೆದು ತೋರಿಸಿದೆ. ನೋಡಿದ ಮೇಲೆ ನಾನೇ ಮುಚ್ಚಿದೆ.

ಪೆಟ್ಟಿಗೆಯನ್ನು ವ್ಯಾನಿಗೆ ಏರಿಸುವಾಗ ಭಾವ ಕೋಟಿನ ತೋಳು ಮೇಲೆ ಮಾಡಿ ಭುಜ ಕೊಟ್ಟರು. ಅವರಿಗೆ ಅಭ್ಯಾಸವಿಲ್ಲ, ಏದುಸಿರು ಬಿಡುತ್ತಿದ್ದರು. ಹೆಂಡತಿ ತಿಂಗಳ ಕೊನೆಯವರೆಗೆ ಅಂಗಡಿಗೆ ಹೋಗಿ ಆಮೇಲೆ ನಮ್ಮ ಕಾರಿನಲ್ಲಿ ಬರುವುದೆಂದು ಮಾತಾಗಿತ್ತು. ದಾರಿಯುದ್ದಕ್ಕೂ ನಾವಿಬ್ಬರೇ, ಹಿಂದೆ ಪೆಟ್ಟಿಗೆ. ಹಗ್ಗ ಸಡಿಲವಾದಾಗೆಲ್ಲ ಡ್ರಾಯರುಗಳು ಕಟಕಟ ಎನ್ನುತ್ತಿದ್ದವು. ಭಾವ ತಂಡದ ವಿಷಯ ಎತ್ತಲೇ ಇಲ್ಲ. ನಮ್ಮ ಕ್ಲೋಸರನ್ನು ಒಂದು ಸಲ ಹಂಗಿಸಲಿ ಎಂದು ಕಾದೆ. ಇಂಡಿಯಾನಾ ದಾಟಿದರೂ ಹಂಗಿಸಲಿಲ್ಲ. ಕೊನೆಗೆ ನಾನೇ ಕೇಳಿದೆ, "ನಿಮ್ಮೋರು ಯಾರನ್ನ ತಗೊಂಡ್ರು ಭಾವ ಈ ಸಲ?"

"ಯಾರೋ ಮಂಡಿ ನೋವಿನೋರು," ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ. ಇಬ್ಬರಿಗೂ ನಗು ಬರಲಿಲ್ಲ.

ಡೈ ಕೆಲಸ ಆ ವರ್ಷ ಶಿಕಾಗೋ ಕಡೆ ಎಲ್ಲೂ ಸಿಗಲಿಲ್ಲ. ಬೋಲಿಂಗ್‌ಬ್ರೂಕ್‌ನಲ್ಲೇ ಒಂದು ದೊಡ್ಡ ಗೋದಾಮಿನಲ್ಲಿ ಟ್ರಕ್ಕಿಗೆ ಪೆಟ್ಟಿಗೆ ತುಂಬುವ ಕೆಲಸಕ್ಕೆ ಸೇರಿದೆ. ಅಲ್ಲಿ ಹತ್ಯಾರು ಬೇಡ. ಕೈಗೊಂದು ಸ್ಕ್ಯಾನರ್ ಕೊಡುತ್ತಾರೆ, ಸಂಜೆ ವಾಪಸ್ ಇಸಿದುಕೊಳ್ಳುತ್ತಾರೆ. ನನ್ನ ಹತ್ಯಾರು ಭಾವನ ಗರಾಜಿನಲ್ಲಿ ಹುಲ್ಲು ಕತ್ತರಿಸುವ ಮೆಷಿನಿನ ಪಕ್ಕ ನಿಂತಿತು. ತುಕ್ಕು ಹಿಡಿಯಬಾರದೆಂದು ಭಾನುವಾರ ಬೆಳಿಗ್ಗೆ ತೆಗೆದು ಎಣ್ಣೆ ಸವರಿ ಇಡುತ್ತಿದ್ದೆ. ಮೊದಲ ಕೆಲವು ವಾರ ಭಾವ ಕಾಫಿ ಹಿಡಿದು ಬಂದು ನಿಂತು ನೋಡುತ್ತಿದ್ದರು. ಆಮೇಲೆ ಕಾಫಿ ಇಟ್ಟು ಒಳಗೆ ಹೋಗಿಬಿಡುತ್ತಿದ್ದರು.

ಏಪ್ರಿಲ್‌ನಲ್ಲಿ ಆಟ ಶುರುವಾಯಿತು. ಒಂದು ಸಂಜೆ ಕೆಲಸ ಮುಗಿಸಿ ಕಾರಿನಲ್ಲಿ ಬರುವಾಗ ರೇಡಿಯೋ ತಿರುಗಿಸಿದರೆ ಡೆಟ್ರಾಯ್ಟಿನ ಸ್ಟೇಷನ್ ಗರಗರ ಎನ್ನುತ್ತ ಹಿಡಿಯಿತು. ಕೊನೆಯ ಇನ್ನಿಂಗ್ಸು, ನಮ್ಮವರು ಒಂದೇ ರನ್ ಮುಂದೆ. ಹೊಸ ಕ್ಲೋಸರ್ ಬಂದ. ಒಬ್ಬನನ್ನು ಔಟ್ ಮಾಡಿ ಕಳಿಸಿದ, ಇನ್ನೊಬ್ಬನನ್ನು ಕಳಿಸಿದ. ನಾನು ಎಕ್ಸಿಟ್ ತೆಗೆದುಕೊಳ್ಳುವುದು ಮರೆತು ಮುಂದೆ ಹೋಗಿದ್ದೆ. ಮೂರನೆಯವನು ಬೀಸಿದ ಬ್ಯಾಟಿಗೆ ಚೆಂಡು ಸಿಗದೆ ಆಟ ಮುಗಿದಾಗ ಆ ಊರಿನ ಜನ ಕೂಗಿದ ಕೂಗು ಕೇಳಿಸಿತು. ಟಿಕೆಟ್ ಕೊಂಡವರು ಇದ್ದರು, ತುಂಬ ಜನ ಇದ್ದರು. ನನಗೂ ಖುಷಿಯಾಯಿತು. ಸ್ಟೀರಿಂಗ್ ಗುದ್ದಿದೆ. ಆಮೇಲೆ, ಖುಷಿಯಾಯಿತಲ್ಲ ಎಂದು ನನ್ನ ಮೇಲೇ ಎಂಥಾ ಸಿಟ್ಟು ಬಂತೆಂದರೆ, ರಸ್ತೆ ಪಕ್ಕಕ್ಕೆ ಕಾರು ಹಾಕಿ ರೇಡಿಯೋ ಆರಿಸಿ ಸುಮ್ಮನೆ ಕೂತೆ. ಟ್ರಕ್ಕುಗಳು ಪಕ್ಕದಲ್ಲೇ ಹಾದುಹೋದಾಗೆಲ್ಲ ಕಾರು ಅಲುಗುತ್ತಿತ್ತು.