ಆಮೆಯ ಉಪವಾಸ

ಮೋಟರಿಗೆ ತಾಮ್ರದ ತಂತಿ ಸುತ್ತಿ ಸುತ್ತಿ ಅವರ ಬಲಗೈ ಹೆಬ್ಬೆರಳಿನಲ್ಲಿ ಆಳವಾದ ಗೀರು ಬಿದ್ದಿತ್ತು. ಮಾತಿಗೆ ಕೂತರೆ ಆ ಗೀರನ್ನೇ ಉಜ್ಜಿಕೊಳ್ಳುತ್ತಿದ್ದರು. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಎದುರು ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಿದ್ದ ಅವರನ್ನು ಊರೆಲ್ಲ ಚಾಚಾ ಅನ್ನುತ್ತಿತ್ತು; ನಾನೂ ಹಾಗೇ ಕರೆದೆ. ಅಂಚೆ ಕಚೇರಿಯ ಕೆಲಸಕ್ಕೆ ತಂಬ್ರಹಳ್ಳಿಯಿಂದ ದಿನಾ ಬಂದು ಹೋಗುತ್ತಿದ್ದ ನನಗೆ, ಸಂಜೆಯ ಬಸ್ಸು ಬರುವವರೆಗೆ ಅವರ ಅಂಗಡಿಯ ಬೆಂಚೇ ಗತಿ.

ತಿಂಗಳ ಕಡೆಯ ಶುಕ್ರವಾರ ಆ ಬೆಂಚಿಗೆ ಒಂದು ಕಾಯಿದೆ ಇತ್ತು. ಆ ತಿಂಗಳು ಹೊಸದಾಗಿ ತಿಳಿದ, ಕೇಳಿದವರು ಬೆರಗಾಗುವಂಥ ಒಂದು ಸಂಗತಿ ಹೇಳಬೇಕು, ಹೇಳಿದವರಿಗಷ್ಟೇ ಚಹಾ. ಹೊಸಹಳ್ಳಿ ಕಡೆಯ ರೈತರೊಬ್ಬರು, ನಮ್ಮ ಗುಡ್ಡದ ಕರಡಿಗೆ ಮೇಲಿನ ಸಾಲಿನ ಮುಂದಿನ ಎರಡು ಹಲ್ಲೇ ಇಲ್ಲ, ಆ ಸಂದಿಯಿಂದ ಗೆದ್ದಲು ಹೀರುತ್ತದೆ ಎಂದಾಗ ಅವರಿಗೆ ಎರಡು ಲೋಟ ಸಿಕ್ಕಿತ್ತು. ಶುಕ್ರಗ್ರಹ ತನ್ನ ಸುತ್ತ ತಾನು ಒಂದು ಸಲ ತಿರುಗಿ ಮುಗಿಸುವಷ್ಟರಲ್ಲಿ ಅಲ್ಲಿ ಒಂದು ವರ್ಷವೇ ದಾಟಿರುತ್ತದೆ ಎಂದು ನಾನು ಹೇಳಿದ್ದಕ್ಕೆ ಚಾಚಾ ಕೈಯಲ್ಲಿದ್ದ ತಂತಿ ಬಿಟ್ಟು ಕೂತರು.

“ಹಂಗಾದ್ರ ಅಲ್ಲಿ ‘ನಾಳಿ ಕೊಡ್ತೀನಿ’ ಅಂದ್ರ ಗಿರಾಕಿ ಗತಿ ಏನ ಬೇಟಿ?”

ಹೇಳಿದ ದಿನಕ್ಕೆ ಒಂದು ಮಿಕ್ಸಿಯನ್ನೂ ಕೊಟ್ಟವರಲ್ಲ, ಕೇಳುವ ಪ್ರಶ್ನೆ ನೋಡಿ!

ಒಂದು ತಿಂಗಳು ನನ್ನ ಬಳಿ ಏನೂ ಇರಲಿಲ್ಲ. ಆ ಸಂಜೆಯನ್ನು ಬಿಡಲು ಮನಸ್ಸಾಗದೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ: ಆಮೆ ಪ್ರತಿ ವರ್ಷ ತಾನು ಹುಟ್ಟಿದ ದಿನ ಬಂದಾಗ ಉಪವಾಸ ಇರುತ್ತದೆ. ಚಾಚಾ ಅದನ್ನು ಬಂದ ಗಿರಾಕಿಗೆಲ್ಲ ಹೇಳಿದರು. ಮುಂದಿನ ತಿಂಗಳ ಶುಕ್ರವಾರ ಹೈಸ್ಕೂಲ್ ಮೇಷ್ಟ್ರೊಬ್ಬರು ಎಲ್ಲರೆದುರು ಬಿದ್ದು ಬಿದ್ದು ನಕ್ಕು, ಇಂಥ ಬುರುಡೆ ಬಿಟ್ಟವರು ಯಾರು ಎಂದು ಕೇಳಿದರು. ಚಾಚಾ ನನ್ನ ಕಡೆ ನೋಡಲೂ ಇಲ್ಲ.

“ನಾನ ಎಲ್ಲೋ ತಪ್ಪು ಓದೀನ್ರಿ ಸರ” ಅಂದರು.

ಅವರಿಗೆ ಓದಲು ಬರುವುದಿಲ್ಲ ಅನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಗು ಇನ್ನೂ ಜೋರಾಯಿತು. ನಾನು ಬಾಯಿ ಬಿಡಲಿಲ್ಲ. ಅಂಥ ಹೇಡಿ ನಾನು.

ಆಮೇಲೆ ಮುಖ ತೋರಿಸಲಾಗದೆ ಬಸ್ ಸ್ಟ್ಯಾಂಡಿನ ಇನ್ನೊಂದು ತುದಿಯಲ್ಲಿ ನಿಲ್ಲತೊಡಗಿದೆ. ಎರಡು ತಿಂಗಳು ಕಳೆದ ಮೇಲೆ ತಡೆಯಲಾಗದೆ ಹೋಗಿ, ಅದು ನಾನೇ ಕಟ್ಟಿದ ಸುಳ್ಳು ಎಂದು ಅತ್ತುಬಿಟ್ಟೆ.

“ನನಗ ಅವತ್ತ ಗೊತ್ತಾಗಿತ್ತು ಬಿಡು. ಆಮಿಗೆ ಹುಟ್ಟಿದ ದಿನ ಹೆಂಗ ನೆನಪಿರ್ತೈತಿ? ನನಗ ನಂದ ಗೊತ್ತಿಲ್ಲ.”

ಮತ್ತೆ ಊರಿಗೆಲ್ಲ ಯಾಕೆ ಹೇಳಿದಿರಿ ಎಂದೆ. ಕೇಳಲಿಕ್ಕೆ ಚೆಂದ ಇತ್ತು ಎಂದು ನಕ್ಕರು. ಹೆಬ್ಬೆರಳಿನ ಗೀರು ಉಜ್ಜಿಕೊಳ್ಳುತ್ತ, “ಸುಳ್ಳು ಹೇಳಿದ್ದು ದೊಡ್ಡದಲ್ಲ ಬೇಟಿ. ಎರಡು ಶುಕ್ರವಾರ ಬರ್ಲಿಲ್ಲ ನೋಡು, ಅದು ತಪ್ಪು. ನಿನ್ನ ಚಾ ತರಿಸಿ ಇಟ್ಟಿದ್ನಿ” ಎಂದರು.

ಅದೇ ವರ್ಷ ಎದೆನೋವು ಬಂದು ಹೋಗಿಬಿಟ್ಟರು. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಚಿಟ್ಟೆ ಕಾಲಿನಿಂದ ರುಚಿ ನೋಡುತ್ತದೆ ಎಂದು ಈ ತಿಂಗಳು ಓದಿದೆ. ಮನೆಯಲ್ಲಿ ಹೇಳಿದರೆ ‘ಹೌದಾ’ ಎಂದು ಊಟ ಮುಂದುವರಿಸಿದರು. ಚಾಚಾ ಆಗಿದ್ದರೆ ಚಪ್ಪಲಿ ಬಿಚ್ಚಿ ತಮ್ಮ ಕಾಲನ್ನೇ ನೋಡಿಕೊಳ್ಳುತ್ತ ಆ ದಿನದ ಕೆಲಸ ಕೆಡಿಸಿಕೊಳ್ಳುತ್ತಿದ್ದರು. ಬಹಳ ನೆನಪಾಗುತ್ತಾರೆ. ಅವರ ಜೊತೆ ಕೂರಲು ನನಗೆ ಸಿಕ್ಕಿದ್ದೇ ಕೆಲವು ಶುಕ್ರವಾರ. ಅದರಲ್ಲಿ ಎರಡನ್ನು ಬಸ್ ಸ್ಟ್ಯಾಂಡಿನ ಕಂಬದ ಹಿಂದೆ ನಿಂತು ಕಳೆದೆ. ಅಲ್ಲಿಂದ ಅವರು ಕಾಣುತ್ತಿದ್ದರು.