ಆರು ಗಾಲಿ ಗಾಡಿಗೊಂದು ಕುಂಚಿಗಿ

ನಮ್ಮ ಮನ್ಯಾಗ ಬತ್ತಲ ಇರೋ ಸಾಮಾನು ಒಂದೂ ಇಲ್ರಿ. ಮಿಕ್ಸರಿಗೆ ಅಂಗಿ, ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಹೊಲಿಗಿ ಮಷೀನಿಗೆ ಜರಿ ಅಂಚಿನ ಸೆರಗು. ಧೂಳು ಕಂಡ್ರ ನನಗ ಕೈ ತಡಿಯಂಗಿಲ್ಲ. ನಮ್ಮ ಧನಕವಡಿ ಬಡಾವಣಿಯೊಳಗ ಇದ್ದವ್ರಿಗೆ ಧೂಳಂದ್ರ ಏನಂತ ಹೇಳೋದು ಬ್ಯಾಡ. ಬೆಳಿಗ್ಗೆ ಒರಸಿದ ಟೇಬಲ್ಲಿನ ಮ್ಯಾಲ ಮಧ್ಯಾಹ್ನ ಬೆರಳಿಲೆ ಹೆಸರು ಬರೀಬಹುದು. ಒಂದ ಬೆರಳಿಲೆ ಬರಿಯೋ ಆ ರೂಢಿ ಈಗ ಫೋನಿನ್ಯಾಗ ಟೈಪ್ ಮಾಡಾಕ ಉಪಯೋಗ ಆಗ್ಯಾದ.

ಈ ಮುಚ್ಚೋ ಚಟ ನನ್ನ ಸೊಸಿ ವಿದ್ಯಾನ ಮುಳುಗಿಸೇ ಬಿಡ್ತಿತ್ತು. ಅದನ್ನ ಹೇಳಿಬಿಡ್ತೇನಿ.

ಪಾನಶೇತ ಡ್ಯಾಮಿನ ಹಿನ್ನೀರಿನ ದಂಡಿಗೆ ನಮ್ದೊಂದು ತುಂಡು ಜಾಗ ಅದ. ಅಲ್ಲಿ ವಿದ್ಯಾ ನಾಕು ಡೇರೆ ಹಾಕಿ, ಐತವಾರ ಖರಾಡಿ ಕಡಿಯಿಂದ ಬರೋ ಆಫೀಸಿನ ಮಂದಿಗೆ ಊಟ, ವಸತಿ ನೋಡ್ತಾಳ. ಅವರನ್ನ ಆಡಸಾಕ ಅಂತ ಹೋದ ಚಳಿಗಾಲ ಒಂದು ಹಳೇ ಗಾಡಿ ತಂದ್ಲು. ಆರು ಗಾಲಿ, ಹೊಟ್ಟಿ ದೋಣಿ ಹಂಗ. ನೆಲದ ಮ್ಯಾಲೂ ಓಡ್ತದ, ನೀರಾಗೂ ಈಜ್ತದ. ಎಮ್ಮಿಗೂ ಅದಕ್ಕೂ ಫರಕ ಏನಂದ್ರ, ಎಮ್ಮಿ ನೀರಿಗಿಳಿದ್ರ ಮ್ಯಾಲ ಬರಾಕ ಮನಸ್ಸು ಮಾಡಂಗಿಲ್ಲ.

ನನ್ನ ಮಗ ಗಿರೀಶಗ ಇದು ಮೊದಲಿನಿಂದ ಸೇರಲಿಲ್ಲ. "ಯಾರೋ ಓಡಿಸಿ ಬಿಟ್ಟಿದ್ದನ್ನ ನಾವ್ಯಾಕ ತರಬೇಕು?" ಅಂದ. ಮೊದಲ ವಾರ ಗಾಡಿ ಹಿಂಗ ಇಳದು ಹಂಗ ಏರಿ ಅವನನ್ನ ಸುಮ್ನಾಗಿಸ್ತು. ಎರಡನೇ ವಾರ ಎಮ್ಮೀನ ಆತು! ನೀರಿಗೆ ಇಳೀತು, ದಂಡಿ ಹತ್ತಲಿಲ್ಲ. ಕರಿ ಹೊಗಿ ಕಾರಿ, ನರಳಿ, ಜಾರಿ ಮತ್ತ ನೀರಿಗೆ ಹೋತು.

"ಶನಿವಾರದೊಳಗ ಏರಲಿಲ್ಲಂದ್ರ ಮಾರಿದಾವಗ ವಾಪಸ್ ಕೊಟ್ಟುಬಿಡು," ಅಂದ ಗಿರೀಶ. ವಿದ್ಯಾ ಅವತ್ತು ಚಹಾಕ್ಕ ಸಕ್ಕರಿ ಹಾಕೋದನ್ನ ಮರತ್ಲು.

ಶನಿವಾರ ಹಿನ್ನೀರಿನ ದಂಡಿಗೆ ಹಡಪಸರದಿಂದ ಪವಾರ ಮಿಸ್ತ್ರಿ ಬಂದ್ರು. ಡಾಕ್ಟರ್ ನಾಡಿ ಹಿಡದಂಗ ಒಂದೊಂದ ನೋಡಿದ್ರು. ಪ್ಲಗ್ಗಿನ ಕಿಡಿ ಛಲೋ, ಪೆಟ್ರೋಲ್ ಛಲೋ, ಬೆಲ್ಟ್ ಬಿಗಿ, ಬ್ರೇಕ್ ಸಿಕ್ಕೊಂಡಿಲ್ಲ, ಹೊಟ್ಟ್ಯಾಗ ನೀರೂ ನಿಂತಿಲ್ಲ. ವಿದ್ಯಾ ಚಹಾ ತರಾಕ ಒಳಗ ಹೋದ್ಲು. ಮಿಸ್ತ್ರಿ ಸೀಟಿನ ಹಿಂದಿನ ಮುಚ್ಚಳ ತೆಗದು ಕೈ ಹಾಕಿ ಏನೋ ಹೊರಗ ಎಳದ್ರು. ಹಸಿರು ಇಳಕಲ್ ಸೀರಿ ತುಂಡು, ಎಲಾಸ್ಟಿಕ್, ಅಂಚಿಗೆ ಕಸೂತಿ.

"ಆಜಿ, ಹೇ ಕಾಯ್?" ಅಂದ್ರು, ಅಂದ್ರ ಇದೇನು ಅಂತ.

ಏನಂದ್ರ, ಕುಂಚಿಗಿ. ಕೂಸಿನ ತಲಿಗೆ ಹೊಲಿಯೋ ಹಂಗ, ಎರಡು ಪದರಿಂದು. ಇಂಜಿನ್ ಉಸಿರು ಎಳಕೊಳ್ಳೋ ಕೊಳವಿ ಬಾಯಿ ತಕ್ಕೊಂಡು ಕುಂತಿದ್ದು ನೋಡಿ, ಇಷ್ಟು ಧೂಳಿನ್ಯಾಗ ಪಾಪ ಅಂತ ಮೊದಲ ವಾರ ಮುಗಿದ ಮ್ಯಾಲ ನಾನ ಹೊಲದು ತೊಡಿಸಿದ್ದೆ. ಪಾಪದ್ದು ಉಸಿರು ಕಟ್ಟಿ ಸಾಯಾಕ ಹತ್ತಿತ್ತು.

ಮಿಸ್ತ್ರಿ ಮೀಸ್ಯಾಗ ನಕ್ಕು ಅದನ್ನ ಕಿಸೇದಾಗ ಇಟಗೊಂಡ್ರು. ಫಿಲ್ಟರ್ ಕಟ್ಟಿತ್ತು ಅಂತ ಹೇಳ್ತೀನಿ, ನೀವು ಕಾಳಜಿ ಮಾಡಬ್ಯಾಡ್ರಿ ಅಂತ ಮರಾಠಿಯೊಳಗ ಧೈರ್ಯ ಕೊಟ್ರು. ದೇವರಂಥಾ ಮನಷ್ಯಾ! ನಾ ಹೂಂ ಅಂದೂಬಿಟ್ಟೆ. ಆದ್ರ ಫಿಲ್ಟರ್ ಕಟ್ಟಿತ್ತಂದ್ರ ಗಿರೀಶ ಏನಂತಾನ? "ನೋಡದ ಹಳೇ ಗಾಡಿ ತಂದಿ," ಅಂತ ವಿದ್ಯಾಗ ಅಂತಾನ. ಮುಂದಿನ ಹತ್ತು ವರ್ಷ ಅಂತಾನ. ಹಡದಾಕಿ ನಾನು, ನನಗ ಗೊತ್ತಿಲ್ಲೇನು?

ಚಹಾ ಹಿಡಕೊಂಡು ವಿದ್ಯಾ ಬಂದ್ಲು, ಹಿಂದಿಂದ ಗಿರೀಶ.

"ಏನಾಗಿತ್ತಂತ ಗಾಡಿಗೆ?"

"ನಾ ಆಗಿದ್ದೆ," ಅಂದೆ. ಮಿಸ್ತ್ರಿ ಕಿಸೇದಾಗಿಂದ ಕುಂಚಿಗಿ ಎಳದು ತೋರಿಸಿದೆ.

"ಅತ್ತಿ, ಕಸೂತಿ ಬ್ಯಾರೆ ಹಾಕೀರಿ!" ವಿದ್ಯಾ ನಕ್ಕು ನಕ್ಕು ಅರ್ಧ ಚಹಾ ಚೆಲ್ಲಿದ್ಲು. ಗಿರೀಶ ನನ್ನ ಮಾರಿ ನೋಡಿದ. "ಅವ್ವ, ನಿನ್ನ ಯಾರಿಗೆ ವಾಪಸ್ ಕೊಡೋಣು?"

ವಿದ್ಯಾ ಗಾಡಿ ನೀರಿಗಿಳಿಸಿದ್ಲು. ಒಂದ ಉಸಿರಿಗೆ ಸರ್ರನ ದಂಡಿ ಏರಿತು. ಏರಿದ್ದ ಖುಷಿಗೆ ಆಕಿ ಮತ್ತ ಇಳಿಸಿದ್ಲು. ದಂಡಿ ಮ್ಯಾಲಿಂದ ಗಿರೀಶ "ನಿಧಾನ! ಎಡಕ್ಕ! ಅಷ್ಟು ದೂರ ಬ್ಯಾಡ!" ಅಂತ ಒದರಾಕ ಶುರು ಮಾಡಿದ. ನನ್ನ ನಾಲಿಗಿ ತುದಿಗೂ "ಹುಷಾರವಾ" ಬಂದು ಕುಂತಿತ್ತು.

ಕೈಯಾಗಿನ ಕುಂಚಿಗಿ ನೋಡಿದೆ. ಹೊಲಿಗಿ ಬಿಚ್ಚಿದ್ರ ಎರಡು ಪದರ ಎರಡಾಗ್ತಾವ. ಒಂದು ಅವನ ಬಾಯಿಗೆ, ಒಂದು ನನ್ನದಕ್ಕ. ಅಳತಿ ಬರೋಬ್ಬರಿ ಅದ.