ಅವ್ವ ಕಲಿತ ಬೈಗುಳದ ಇಂಗ್ಲಿಷು

ರಾಗಿ ಹಿಟ್ಟು ತಳ ಹಿಡಿದ ವಾಸನೆ ಎಲ್ಲಿಂದಲಾದರೂ ಬಂದರೆ ಸಾಕು, ಬಾಬುರಾಯನಕೊಪ್ಪಲಿನ ನಮ್ಮ ಹಳೆಯ ಮನೆಯ ಅಡುಗೆಕೋಣೆ ಹೊಗೆ ಸಮೇತ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ತೊಂಬತ್ತರ ದಶಕದ ಆ ಎರಡು ವರ್ಷ ನಾವು ಉಂಡದ್ದೆಲ್ಲ ಸೀದ ಮುದ್ದೆಯೇ. ಅವ್ವ ತೊಡೆಯ ಮೇಲೆ ಇಂಗ್ಲಿಷ್ ಪುಸ್ತಕ ಹರವಿಕೊಂಡು ಹಿಟ್ಟು ತೊಳಸುತ್ತಿದ್ದಳು. ಮದುವೆಗೆ ಮೊದಲು ಎಸ್ಸೆಸ್ಸೆಲ್ಸಿಯಲ್ಲಿ ಅದೊಂದೇ ವಿಷಯ ಕೈಕೊಟ್ಟಿತ್ತು; ಅದನ್ನು ದಾಟಿದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಪಾಠ ಹೇಳುವ ಹೊಣೆ ಹೊತ್ತವನು ಪಾಂಡವಪುರದಲ್ಲಿ ಬಿ.ಎ. ಓದುತ್ತಿದ್ದ ಚಿಕ್ಕಪ್ಪ. ಅವನ ಪಾಠ ನೆನೆದರೆ ಇವತ್ತಿಗೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ‘ಈಸ್’ ಎಲ್ಲಿ, ‘ವಾಸ್’ ಎಲ್ಲಿ ಎಂದು ತಿಳಿಯದೆ ಅವ್ವ ಒದ್ದಾಡುತ್ತಿದ್ದರೆ, ಈ ಮಹಾನುಭಾವ ಒಂದು ಸಂಜೆ ಪೂರ್ತಿ ‘ಕ್ಯಾಸ್ಟಿಗೇಟ್’ ಎಂಬ ಒಂದೇ ಕ್ರಿಯಾಪದ ಹಿಡಿದು ಕೂತ.

“ಸ್ಕೋಲ್ಡ್ ಅಂದ್ರೆ ಬರೀ ಬಯ್ಯೋದು, ಅತ್ಗೆ. ಕ್ಯಾಸ್ಟಿಗೇಟ್ ಅಂಗಲ್ಲ. ತಪ್ಪು ಮಾಡ್ದೋರ್‍ಗೆ ಚಳಿ ಬುಡ್ಸೋದು. ಅದ್ರಲ್ಲಿ ಶಿಕ್ಷೇನೂ ಸೇರ್ಕಂಡೈತೆ. ಎಲ್ಲಿ, ಒಂದು ವಾಕ್ಯ ಮಾಡಿ.”

ಅವ್ವ ಬಹಳ ಹೊತ್ತು ಯೋಚಿಸಿ, ಬರೆದು, ಗಟ್ಟಿಯಾಗಿ ಓದಿದಳು: “ಮೈ ಮದರ್ ಇನ್ ಲಾ ಕ್ಯಾಸ್ಟಿಗೇಟ್ಸ್ ಮಿ ಡೈಲಿ.”

ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಕಿವಿಗೆ ‘ಮದರ್’ ಬಿತ್ತು. ಇಡೀ ಬೀದಿಯೇ ಹೆದರುವ ಬಾಯಿ ಅವಳದು. “ಅದೇನ್ಲಾ ಅದು, ನನ್ ಮ್ಯಾಲೆ ಏನೋ ಬರಸ್ತಿದ್ದೀಯ?” ಎಂದಳು. ಚಿಕ್ಕಪ್ಪ ತಡಬಡಾಯಿಸಿದ. ಅವ್ವನೇ ಅರ್ಥ ಬಿಡಿಸಿ ಹೇಳಿಬಿಟ್ಟಳು.

“ತಪ್ಪು ಮಾಡ್ದೋರ್‍ಗೆ ಅಂತ ತಾನೆ ಐತೆ?” ಎಂದಳು ಅಜ್ಜಿ. “ಅಂಗಾರೆ ಸರಿಯಾಗೇ ಬರ್ದವ್ಳೆ ಬುಡು. ಇಟ್ಟು ಸೀದೋಯ್ತಾ ಐತೆ, ಮೊದ್ಲು ಅದ್ ನೋಡವ್ವ.”

ಪರೀಕ್ಷೆಯಲ್ಲಿ ಆ ಪದ ಬರಲೇ ಇಲ್ಲ. ಬಂದದ್ದೆಲ್ಲ ‘ಈಸ್’, ‘ವಾಸ್’ಗಳೇ. ಅವ್ವ ಫೇಲಾದಳು. ಅಂದು ಅಜ್ಜಿ ಜಗಲಿಯ ಮೇಲೆ, ಬೀದಿಯವರೆಲ್ಲ ಕೇಳುವಂತೆ, ಚಿಕ್ಕಪ್ಪನ ಜನ್ಮ ಜಾಲಾಡಿದಳು. “ನಿನ್ನ್ ಇಂಗ್ಲೀಸಿಗಷ್ಟು ಬೆಂಕಿ ಆಕ! ಕೂಸ್ಗೆ ಅಂಬೆಗಾಲೇ ಬರಾಕಿಲ್ಲ, ಮರ ಅತ್ತು ಅಂತೀಯಲ್ಲಲಾ!” ಒಳಗೆ ಕಣ್ಣೊರೆಸಿಕೊಳ್ಳುತ್ತಿದ್ದ ಅವ್ವ ನನ್ನನ್ನು ಹತ್ತಿರ ಎಳೆದುಕೊಂಡು, “ನೋಡು, ಕ್ಯಾಸ್ಟಿಗೇಟ್ ಅಂದ್ರೆ ಇದು” ಎಂದಳು.

ಮುಂದಿನ ಸಲ ಅವ್ವ ತಾನೇ ಓದಿಕೊಂಡಳು. ಪರೀಕ್ಷೆಯ ದಿನ ಅಪ್ಪನಿಗೆ ಗದ್ದೆಗೆ ನೀರು ಕಟ್ಟುವುದಿತ್ತು, ಚಿಕ್ಕಪ್ಪನ ಪತ್ತೆಯಿರಲಿಲ್ಲ. ಅಜ್ಜಿ ಸೀರೆ ಬದಲಿಸಿ ಬಂದು, “ನಡಿಯವ್ವ, ನಾನ್ ಬತ್ತೀನಿ” ಎಂದು ಶ್ರೀರಂಗಪಟ್ಟಣದ ಬಸ್ಸು ಹತ್ತಿದಳು. ಅವ್ವ ಪಾಸಾದಳು. ಕೆಲಸವೂ ಸಿಕ್ಕಿತು.

ಈಗ ಅಜ್ಜಿಯಿಲ್ಲ. ಮೈಸೂರು ರಸ್ತೆ ಅಗಲವಾದಾಗ ಜಗಲಿ, ನಡುಮನೆ ಎಲ್ಲ ಡಾಂಬರಿನಡಿ ಹೋದವು. ನಿಮ್ಮ ಮನೆಯಲ್ಲೂ ಅಂಥದೊಂದು ದೊಡ್ಡ ಬಾಯಿ ಇದ್ದಿದ್ದರೆ, ಅದು ನಿಂತ ಮೇಲಿನ ಮೌನ ನಿಮಗೂ ಗೊತ್ತಿರುತ್ತದೆ. ಅವ್ವ ಮಾತ್ರ ಆ ಪರೀಕ್ಷೆಯ ದಿನವನ್ನೇ ಮತ್ತೆ ಮತ್ತೆ ಹೇಳುತ್ತಾಳೆ. ಗಂಟೆ ಹೊಡೆದು ಹೊರಬಂದಾಗ ಅಜ್ಜಿ ಗೇಟಿನೆದುರು ಬಿಸಿಲಲ್ಲೇ ನಿಂತಿದ್ದಳಂತೆ. ಹೇಗೆ ಬರೆದೆ ಎಂದು ಕೇಳಲಿಲ್ಲವಂತೆ. ಸೆರಗಿನಲ್ಲಿ ಮರೆಮಾಡಿ ತಂದಿದ್ದ ಚೊಂಬನ್ನು ಚಾಚಿ, “ನೀರ್ ಕುಡಿ ಮಗ” ಎಂದಳಂತೆ.